ಮ್ಯಾಲಿನ ಓಣಿಯ ಸೊಟ್ಟ ಕೈ

ನನ್ನ ಕೈ ಸೊಟ್ಟ. ಇದು ನಾನು ಹೇಳುವ ಮಾತಲ್ಲ, ನನ್ನ ಅತ್ತೆ ರುಕ್ಮವ್ವನ ಮಾತು. ನಾನು ಮದುವೆಯಾಗಿ ಈ ಮನೆಗೆ ಬಂದು ಮೊದಲ ಸೀರೆ ನೇಯ್ದು ಮಗ್ಗದಿಂದ ಇಳಿಸಿದ ದಿನ ಶುರುವಾದದ್ದು, ಹದಿನೈದು ವರ್ಷ ನಿಲ್ಲಲೇ ಇಲ್ಲ. ಬೀಗರ ಮುಂದೆ ಹೇಳಿದಳು, ಹಾಲು ಹಾಕಲು ಬಂದವನ ಮುಂದೆ ಹೇಳಿದಳು. ನನ್ನ ಕುಬಸದ ದಿನ ತುಂಬಿದ ಮನೆಯಲ್ಲಿ ನನಗೆ ಹಸಿರು ಬಳೆ ಏರಿಸುತ್ತಾ, "ಬಳಿ ಛಲೋ ಕುಂತಾವು ನೋಡವಾ ಅನುರಾಧಾ, ಕೈಯೊಂದ ಸೊಟ್ಟ" ಅಂದಳು. ಬಂದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಬಸುರಿ ಅಳಬಾರದಂತೆ.

ಸೊಟ್ಟ ಅಂದರೆ ಏನು ಅಂತ ನೇಯದವರಿಗೆ ಹೇಳಬೇಕು. ಸೀರೆಯನ್ನು ಉದ್ದಕ್ಕೆ ಮಡಚಿ ದಡಿಗೆ ದಡಿ ಕೂಡಿಸಿದರೆ ಎರಡೂ ಸಮ ಬರಬೇಕು. ನನ್ನ ಸೀರೆಯಲ್ಲಿ ಎಡದಡಿ ಬಿಗಿಯಾಗಿರುತ್ತಿತ್ತು, ಬಲದಡಿ ಸಡಿಲಾಗಿ ಸುಕ್ಕು ಸುಕ್ಕಾಗಿ ನಿಲ್ಲುತ್ತಿತ್ತು. ನಮ್ಮ ಸೀರೆ ಕೊಳ್ಳುವವರು ತೇರದಾಳದ ಪಾರ್ಶ್ವನಾಥ ಸಾವಕಾರರು. ಮಾತು ಮೆತ್ತಗೆ, ಕಣ್ಣು ಚುರುಕು. ಪ್ರತಿ ಸಲ ಸೀರೆ ಮಡಚಿ ನೋಡಿ, "ತಂಗಿ, ಇದನ್ನ ಉಟ್ಟಾಕಿ ಒಂದ ಕಡೆ ವಾಲಿಕೊಂಡ ನಡೀಬೇಕಾಗತೈತಿ" ಅಂತ ಪಕ್ಕಕ್ಕೆ ಇಡುತ್ತಿದ್ದರು. ಅತ್ತೆ ಮೂಲೆಯಲ್ಲಿ ನೂಲು ಸುತ್ತುತ್ತಾ ಕೂತಲ್ಲಿಂದಲೇ, "ನಾ ಏನ ಮಾಡ್ಲಿರಿ ಸಾವಕಾರ್ರ, ಆಕೀ ಕೈಯ ಸೊಟ್ಟ" ಅನ್ನುತ್ತಿದ್ದಳು. ಮೊಣಕಾಲು ನೋವಿನಿಂದ ಅವಳಿಗೆ ಮಗ್ಗದ ಕುಣಿಯಲ್ಲಿ ಇಳಿಯಲು ಆಗುತ್ತಿರಲಿಲ್ಲ. ಬಾಯಿಗೆ ಯಾವ ನೋವೂ ಇರಲಿಲ್ಲ.

ನಾನು ರಬಕವಿಯ ಮಗಳು. ನನ್ನ ಅಪ್ಪ ನನಗೆ ಲಾಳಿ ಹಿಡಿಯುವುದನ್ನು ಕಲಿಸಿದ್ದು ನಾನಿನ್ನೂ ಸಾಲಿಗೆ ಹೋಗುವಾಗ. ಒಂದು ದಿನವೂ ನನ್ನ ಕೈ ಸೊಟ್ಟ ಅಂದವನಲ್ಲ. ಮದುವೆಯಾದ ವರ್ಷ ಪಂಚಮಿಗೆ ತವರಿಗೆ ಹೋದಾಗ ಹಟ ಹಿಡಿದು ಅಪ್ಪನ ಮಗ್ಗದಲ್ಲಿ ಒಂದು ಪಂಜೆ ನೇಯ್ದೆ. ನೆಟ್ಟಗೆ ಬಂತು. ಅದನ್ನು ತಂದು ಅತ್ತೆಯ ಮುಂದೆ ಹಾಸಿದೆ. ಅವಳು ದಡಿಗೆ ದಡಿ ಕೂಡಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. "ತವರಮನ್ಯಾಗ ಮನಸ್ಸಿಟ್ಟು ನೇಯತಿ, ಇಲ್ಲಿ ಮನಸ್ಸಿಲ್ಲ. ಅಷ್ಟ" ಅಂದಳು. ಆಮೇಲೆ ಅಪ್ಪ ಕೈಮಗ್ಗ ಬಿಚ್ಚಿ ಪಾವರಲೂಮ್ ಹಾಕಿದ. ನನ್ನ ಸಾಕ್ಷಿ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಹೆಚ್ಚು ತಲೆ ಕೆಡಿಸುತ್ತಿದ್ದ ಸಂಗತಿ ಇನ್ನೊಂದಿತ್ತು. ಕೆಲವು ಸಲ ಸೀರೆ ಇದ್ದಕ್ಕಿದ್ದ ಹಾಗೆ ನೆಟ್ಟಗೆ ಬರುತ್ತಿತ್ತು. ನಾನೇನೂ ಬೇರೆ ಮಾಡಿರುತ್ತಿರಲಿಲ್ಲ. ಅದೇ ಹಾಸು, ಅದೇ ಹೊಕ್ಕು, ಅದೇ ನಾನು. ಸಾವಕಾರರು ಮೆಚ್ಚುತ್ತಿದ್ದರು. ಅತ್ತೆ, "ನಾ ಬೈದು ಬೈದು ದಾರೀಗೆ ತಂದೇನ್ರಿ" ಅನ್ನುತ್ತಿದ್ದಳು. ನಾಲ್ಕಾರು ತಿಂಗಳಲ್ಲಿ ಮತ್ತೆ ಸೊಟ್ಟ. ನಾನು ಹುಚ್ಚಿಯ ಹಾಗೆ ನನ್ನ ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಹೊಕ್ಕಿನ ನೂಲು ಕೂರಿಸಲು ಹಲಗೆಯನ್ನು ಬಡಿಯುವಾಗ ಬಲಕ್ಕೆ ಒಂದಿಷ್ಟು ಹೆಚ್ಚು ಜೋರು ಹಾಕಲು ಕಲಿತೆ. ಸೊಂಟ ತಿರುಗಿಸಿ ಕೂರಲು ಕಲಿತೆ. ಏನು ಕಲಿತರೂ ಸೀರೆ ತನಗೆ ಬೇಕಾದಾಗ ನೆಟ್ಟಗೆ, ಬೇಡವಾದಾಗ ಸೊಟ್ಟ.

ನಮ್ಮ ಓಣಿಯ ಹೆಸರು ಮ್ಯಾಲಿನ ಓಣಿ. ರಬಕವಿಯಿಂದ ಚಿಮ್ಮಡಕ್ಕೆ ಹೋಗುವಾಗ ಬಸ್ಸಿನಿಂದ ಇಳಿದು ಒಂದಿಷ್ಟು ನಡೆದರೆ ಸಿಗುವ ಊರು ನಮ್ಮದು. ಒಂದು ಕಾಲಕ್ಕೆ ಇಡೀ ಊರಿಗೆ ಎತ್ತರದ ಓಣಿ ಅದೇ ಆಗಿತ್ತಂತೆ. ನಾನು ಬರುವ ಹೊತ್ತಿಗೆ ಕೆಳಗಿನ ಓಣಿಯ ಗಟಾರದ ನೀರು ನಮ್ಮ ಬಾಗಿಲಿಗೆ ಬರುತ್ತಿತ್ತು. ಕೆಳಗಿನ ಓಣಿಯ ನೀರು ಮೇಲಿನ ಓಣಿಗೆ ಹೇಗೆ ಬರುತ್ತದೆ ಅಂತ ಕೇಳಿದರೆ ಗಂಡಸರು, "ಗಟಾರ ಕಟ್ಟಿದವಾ ಬರೋಬ್ಬರಿ ಕಟ್ಟಿಲ್ಲ" ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಬಡಿಗನನ್ನು ಕರೆಸಿ ಬಾಗಿಲ ತಳ ಕೆತ್ತಿಸಬೇಕಾಗುತ್ತಿತ್ತು. ಯಾಕೆ ಅಂದರೆ, "ಮಳಿಗಾಲದಾಗ ಕಟಗಿ ಉಬ್ಬತೈತಿ." ಬೇಸಿಗೆಯಲ್ಲೂ ಬಾಗಿಲು ಮುಚ್ಚುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ನನ್ನ ಮಗ ಸಣ್ಣವನಿದ್ದಾಗ ಗೋಲಿಗುಂಡನ್ನು ಎಲ್ಲಿ ಬಿಟ್ಟರೂ ಅದು ಉರುಳಿ ಮಗ್ಗದ ಬಲಗಡೆಯ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಗಂಡ ಪ್ರಭುಲಿಂಗ ಬನಹಟ್ಟಿಯ ಪಾವರಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುವವನು, ಒಳ್ಳೆಯ ಮನುಷ್ಯ. ಅವನನ್ನು ಕೇಳಿದರೆ, "ಆ ಮೂಲಿಗೆ ವಾಸ್ತು ಜೋರ ಐತಿ" ಅಂದ. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಇನ್ನೊಂದು ವಿಷಯ ನನಗೆ ನಳದ ಹತ್ತಿರ ಗೊತ್ತಾಯಿತು. ಎದುರು ಮನೆಯ ಸೊಸೆ ಅನಸವ್ವ ಕೊಡ ತುಂಬುತ್ತಾ, "ನನ್ನ ಕೈಯೂ ಸೊಟ್ಟ ಅಂತಾರ ಅಕ್ಕಾ" ಅಂದಳು. ಅವಳ ಪಕ್ಕದ ಮನೆಯವಳದೂ ಸೊಟ್ಟ. ಆಚೆ ಮನೆಯವಳದಂತೂ ಎರಡೂ ಕೈ ಸೊಟ್ಟ ಅಂತ ಹೆಸರಾಗಿತ್ತು. ಜಮಖಂಡಿಯಿಂದ ಬಂದವಳು, ಮುಧೋಳದಿಂದ ಬಂದವಳು, ಎಲ್ಲರದೂ ಸೊಟ್ಟ. ಈ ಓಣಿಯಲ್ಲಿ ಹುಟ್ಟಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಮಾತ್ರ ಹೋದಲ್ಲೆಲ್ಲ ನೆಟ್ಟಗೆ ನೇಯುತ್ತಿದ್ದರಂತೆ. ನಾವು ಸೊಸೆಯರು ಆ ದಿನ ನಗುವಷ್ಟು ನಕ್ಕೆವು. ಮನೆಗೆ ಬಂದು ಕೊಡವನ್ನು ಸಿಟ್ಟಿನಿಂದ ಕುಕ್ಕಿದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ನಳವೇ ಇರಲಿಲ್ಲ. ಬೆಳಿಗ್ಗೆ ನೀರಿಗೆ ಹೋದರೆ ನಳ, ಅದರ ಕಟ್ಟೆ, ಕಟ್ಟೆಯ ಮೇಲೆ ಯಾರೋ ಪಾಳಿಗೆ ಇಟ್ಟಿದ್ದ ಎರಡು ಕೊಡ, ಎಲ್ಲ ಕೆಳಗೆ ಹೋಗಿದ್ದವು. ಎತ್ತು ಬಿದ್ದರೆ ಮೇಲೆ ಬಾರದಷ್ಟು ಆಳದ ಕುಣಿ, ತಳದಲ್ಲಿ ಕಪ್ಪು ನೀರು. ಆಗ ಗಂಡಸರೆಲ್ಲ ಗುಂಪು ಕೂಡಿದರು. ಅರ್ಜಿ ಕೊಡೋಣ ಅಂದರು. ನೆಲ ಕುಸಿದಿದೆ ಅಂತ ಬರೆಯಿರಿ ಅಂತ ನಾನು ಅಂದೆ. ಎಲ್ಲರ ಮುಖ ಒಮ್ಮೆಗೇ ಬಿಗಿಯಾಯಿತು. "ಕುಸದೈತಿ ಅಂತ ಬರಿಯಾಕ ಆಗ್ತೈತೇನು? ಓಣಿ ಹೆಸರ ಏನ ಆಗಬೇಕ?" ಅಂದರು. ತಾಸುಗಟ್ಟಲೆ ಕೂತು, ಗಂಟಲು ಹರಿಯುವಂತೆ ವಾದ ಮಾಡಿ, ಕಡೆಗೆ ಬರೆದದ್ದು ಇಷ್ಟೇ: ನೇಕಾರರ ಓಣಿಯಲ್ಲಿ ಕುಣಿಯಿಂದ ತೊಂದರೆಯಾಗಿದೆ, ಸರಿಪಡಿಸಿಕೊಡಬೇಕು.

ನೇಕಾರರು ಕುಣಿ ಅಂತ ಬರೆದರೆ ಸರಕಾರದಲ್ಲಿ ಯಾರಿಗೆ ಹೋಗುತ್ತದೆ? ಮಗ್ಗದವರಿಗೆ. ನಾವು ಕಾಲು ಇಳಿಬಿಟ್ಟು ಕೂರುವ ಗುಂಡಿಯೂ ಕುಣಿಯೇ, ನಮ್ಮ ಮಗ್ಗದ ಹೆಸರೇ ಕುಣಿಮಗ್ಗ. ಒಂದು ತಿಂಗಳ ಮೇಲೆ ಕೈಮಗ್ಗ ಇಲಾಖೆಯವನೊಬ್ಬ ಟೇಪು ಹಿಡಿದು ಬಂದ. ನಳದ ಕುಣಿಯ ದಂಡೆಯನ್ನೇ ಸುತ್ತುಹಾಕಿ ನಮ್ಮ ಮನೆಯೊಳಗೆ ಬಂದು, "ಕುಣಿಯಿಂದ ಏನ ತೊಂದ್ರಿ ಐತ್ರಿ? ಮೊಣಕಾಲ ನೋವೇನ್ರಿ?" ಅಂದ.

"ಹೂನ್ರಿ, ಭಾಳ ನೋವು" ಅಂದಳು ಅತ್ತೆ, ಮೂಲೆಯಿಂದ.

"ಅತ್ತಿ, ಅವರು ಕೇಳೂ ಕುಣಿ ಬ್ಯಾರೆ, ನಮ್ಮ ಕುಣಿ ಬ್ಯಾರೆರಿ!" ಅಂದೆ. ಅವನನ್ನು ಹೊರಗೆ ಕರೆದು ತೋರಿಸಿದೆ. ಅವನು ಬಗ್ಗಿ ನೋಡಿದ. "ಇಷ್ಟ ದೊಡ್ಡ ಕುಣಿಯೊಳಗ ಯಾವ ಮಗ್ಗ ಹಾಕ್ತೀರಿ?" ಅಂತ ಕೇಳಿದ. ಇದು ನಮ್ಮ ಖಾತೆಗೆ ಬರುವುದಿಲ್ಲ ಅಂತ ಹೇಳಿ, ಅತ್ತೆಯ ಮೊಣಕಾಲಿಗೆ ಒಂದು ಎಣ್ಣೆಯ ಹೆಸರು ಹೇಳಿ ಹೋದ. ಅತ್ತೆ ಅವನನ್ನು ಈಗಲೂ ನೆನೆಯುತ್ತಾಳೆ.

ಮತ್ತೆ ಅರ್ಜಿ, ಮತ್ತೆ ಫೋನು. ನನ್ನ ಗಂಡನೇ ಬೇಸತ್ತು ಕುಣಿಯ ಫೋಟೋ ತೆಗೆದು ಸಿಕ್ಕಸಿಕ್ಕವರಿಗೆ ಕಳಿಸಿದ. ಯಾರ ಕಣ್ಣಿಗೆ ಬಿತ್ತೋ, ಚಳಿಗಾಲದಲ್ಲಿ ಭೂಮಿ ಅಳೆಯುವವರ ಒಂದು ತಂಡ ಬಂತು. ಅದರಲ್ಲಿ ಮಾಲಾ ಅನ್ನುವ ಹುಡುಗಿ ಇದ್ದಳು. ಬೀಳಗಿ ಕಡೆಯವಳು, ಭೂಗರ್ಭದ ವಿದ್ಯೆ ಓದಿದವಳು. ಅವಳು ನಮ್ಮ ಕಟ್ಟೆಯ ಮೇಲೆ ಕೂತು, ಕೇಳಿದವರಿಗೆಲ್ಲ ಬೇಸರವಿಲ್ಲದೆ ಹೇಳಿದಳು.

"ನಿಮ್ಮ ಓಣಿ ಕೆಳಗ ಹಳೇ ಸುಣ್ಣದಕಲ್ಲಿನ ಗಣಿ ಐತ್ರಿ. ಸಂಸ್ಥಾನದ ಕಾಲಕ್ಕ ಶುರು ಆಗಿದ್ದು. ಕಲ್ಲ ತಗದು ತಗದು ಒಳಗ ದೊಡ್ಡ ದೊಡ್ಡ ಖೋಲಿ ಮಾಡ್ಯಾರ, ಮ್ಯಾಲಿನ ಭಾರ ಹೊರಾಕ ನಡುವ ಕಲ್ಲಿನ ಕಂಬ ಬಿಟ್ಟಾರ. ಗಣಿ ಬಂದ್ ಆದ ಮ್ಯಾಲೆ ಪಂಪ್ ನಿಲ್ಲಿಸಿದ್ರು, ನೀರ ತುಂಬಿತು. ಆ ಕಂಬ ನೀರಾಗ ಸವೆಯಾಕತ್ತಾವು. ಅದಕ್ಕ ಮ್ಯಾಲಿನ ನೆಲ ಸಾವಕಾಶ ಇಳಿಯಾಕತ್ತೈತಿ."

"ಬಂದ್ ಆಗಿ ಐವತ್ತ ವರ್ಷ ಆತವಾ, ಇನ್ನೂ ಏನ ಇಳೀತೈತಿ?" ಅಂತ ಒಬ್ಬ ಮುದುಕ ರೇಗಿದ.

"ಮಂದಿಗೆ ಬಂದ್ ಆಗೇತ್ರಿ ಅಜ್ಜಾ. ನೆಲಕ್ಕ ಬಂದ್ ಆಗಿಲ್ಲ" ಅಂದಳು. ಆಮೇಲೆ ತನ್ನ ಲ್ಯಾಪ್‌ಟಾಪ್ ತೆರೆದು ಉಪಗ್ರಹದಿಂದ ತೆಗೆದ ಚಿತ್ರ ತೋರಿಸಿದಳು. ನಮ್ಮ ಓಣಿ ಕೆಂಪಗಿತ್ತು. ಹೆಚ್ಚು ಕೆಂಪಿದ್ದಲ್ಲಿ ಹೆಚ್ಚು ಇಳಿದಿದೆಯಂತೆ. ನಮ್ಮ ಮನೆ ಎಡಕ್ಕೆ ತಿಳಿಗೆಂಪು, ಬಲಕ್ಕೆ ಕಡುಗೆಂಪು.

ನಾನು ಆ ಚಿತ್ರವನ್ನು ನೋಡುತ್ತಾ ನಿಂತೇ ಬಿಟ್ಟೆ. "ಬಲಕ್ಕ ಹೆಚ್ಚ ಇಳದೈತೇನ್ರಿ?" ಅಂತ ಎರಡೆರಡು ಸಲ ಕೇಳಿದೆ. "ಹೂನ್ರಿ, ಎಷ್ಟೋ ವರ್ಷದಿಂದ" ಅಂದಳು. ನನಗೆ ಕುಣಿಯಬೇಕು ಅನ್ನಿಸಿತು. ಊರು ಮುಳುಗುತ್ತಿದೆ ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ, ನನಗೆ ಹಬ್ಬ. ನೆಲ ಸೊಟ್ಟ! ನನ್ನ ಕೈಯಲ್ಲ, ನೆಲ! ಅತ್ತೆಯ ಕಡೆ ತಿರುಗಿದೆ. ಈಗ ಹೇಳುತ್ತಾಳೆ ಅಂದುಕೊಂಡೆ. ಹೆಚ್ಚೇನೂ ಬೇಡ, ನಿನ್ನ ಕೈ ಸೊಟ್ಟ ಅಲ್ಲ ಬಿಡು ಅಂತ ಒಂದು ಮಾತು. ಅವಳು ಮೊಣಕಾಲು ನೀವಿಕೊಳ್ಳುತ್ತಾ, "ಆ ಹುಡಿಗೀಗಿ ಚಾ ಮಾಡಬೇ, ಆವಾಗಿಂದ ಮಾತಾಡಾಕತ್ತಾಳ" ಅಂದಳು.

ಚಹಾ ಮಾಡಿದೆ. ಸಕ್ಕರೆ ಹಾಕಲು ಮರೆತೆ.

ಆಮೇಲಿನದು ಬೇಗ ಆಯಿತು ಅಂದರೆ ಯಾರೂ ನಂಬುವುದಿಲ್ಲ, ಆದರೆ ಆಯಿತು. ಓಣಿಯಲ್ಲಿ ಇರಕೂಡದು ಅಂತ ಹುಕುಂ ಬಂತು. ರಬಕವಿ ರಸ್ತೆಯ ಮೇಲೆ, ಕೆಳಗೆ ಗಟ್ಟಿ ಬಂಡೆ ಇರುವ ಜಾಗದಲ್ಲಿ, ಸಾಲಾಗಿ ಮನೆ ಕಟ್ಟಿಕೊಟ್ಟರು. ನಾವು ಸಾಮಾನು ಕಟ್ಟಿದೆವು. ಕಡೆಗೆ ಬಿಚ್ಚಿದ್ದು ಮಗ್ಗ.

ಗಂಡ ಬಲಗಡೆಯ ಕಂಬವನ್ನು ಅಲುಗಾಡಿಸಿ ಮೇಲೆತ್ತಿದ. ಅದರ ಬುಡದಲ್ಲಿ ಕಟ್ಟಿಗೆಯ ಚಕ್ಕೆಗಳು. ಒಂದರ ಮೇಲೊಂದು, ಒಂದು ಗೇಣು ಎತ್ತರಕ್ಕೆ. ಕೆಳಗಿನವು ಕಪ್ಪಾಗಿ ಮಣ್ಣಾಗಿದ್ದವು, ಮೇಲಿನವು ಹೊಸವು. ಮೇಲಿನದು ನನ್ನ ಕಳೆದುಹೋದ ಲಟ್ಟಣಿಗೆಯ ತುಂಡು. ಅದನ್ನು ಅನಸವ್ವನೇ ಒಯ್ದಳು ಅಂತ ನಾನು ಅವಳ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ.

ಸೀರೆ ಯಾಕೆ ಕೆಲವು ಸಲ ತಾನಾಗಿ ನೆಟ್ಟಗೆ ಬರುತ್ತಿತ್ತು ಅನ್ನುವುದು ಆಗ ತಿಳಿಯಿತು. ನಾನು ನಳಕ್ಕೆ ಹೋದಾಗ ಅತ್ತೆ ಚಕ್ಕೆ ತುರುಕುತ್ತಿದ್ದಳು. ಮಗ್ಗ ಸಮ ಆಗುತ್ತಿತ್ತು. ನೆಲ ಮತ್ತೆ ಇಳಿಯುತ್ತಿತ್ತು, ಸೀರೆ ಮತ್ತೆ ಸೊಟ್ಟ. ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

"ಅತ್ತಿ, ಇವನ್ನ ಯಾರ ಇಟ್ಟಾರ್ರಿ?"

"ಮ್ಯಾಲಿನವು ನಾ ಇಟ್ಟೇನಿ. ತಳದಾಗಿನವು ನಮ್ಮ ಅತ್ತಿವು."

"ನೆಲ ಇಳಿಯೂದು ನಿಮಗ ಗೊತ್ತಿತ್ತು. ಗೊತ್ತಿದ್ದೂ ಹದಿನೈದ ವರ್ಷ ನನ್ನ ಕೈಗೆ ಅಂದ್ರಲ್ಲರಿ!" ನನ್ನ ದನಿ ಓಣಿಗೆಲ್ಲ ಕೇಳಿಸಿತು. ಕೇಳಲಿ ಅಂತಲೇ ಕೂಗಿದೆ.

ಅತ್ತೆಯೂ ದನಿ ಏರಿಸಿದಳು. "ಮತ್ತೇನ ಅನಬೇಕಿತ್ತು? ನೆಲ ಮುಳಗಾಕತ್ತೈತಿ ಅಂದಿದ್ರ ಈ ಓಣೀಗಿ ಯಾರ ಹೆಣ್ಣ ಕೊಡತಿದ್ರು? ನಿಮ್ಮಪ್ಪ ಕೊಡತಿದ್ನೇನು? ಸೊಸಿ ಕೈ ಸೊಟ್ಟ ಅಂದ್ರ ಒಂದ ಮನೀ ಮಾತು. ನೆಲ ಸೊಟ್ಟ ಅಂದ್ರ ಇಡೀ ಓಣಿ ಮಾತು. ನನಗೂ ನಮ್ಮತ್ತಿ ಹಂಗ ಅಂದ್ಲು. ಸಾಯೂತನಾ ಅಂದ್ಲು. ನಾ ಏನ ಸತ್ತೇನೇನು?"

"ನಾನರ ಮನಿಯಾಕಿ ಅಲ್ಲೇನ್ರಿ? ನನಗೊಬ್ಬಾಕಿಗೆ ಹೇಳಬಹುದಿತ್ತಲ್ಲ!"

ಅತ್ತೆ ಲಟ್ಟಣಿಗೆಯ ತುಂಡನ್ನು ಎತ್ತಿ ಒಲೆಯ ಕಡೆ ಎಸೆದಳು. ಒಲೆಯನ್ನು ಆಗಲೇ ಗಾಡಿಗೆ ಹೇರಿಯಾಗಿತ್ತು. ಗಂಡ ನಮ್ಮಿಬ್ಬರ ನಡುವೆ ಕಂಬ ಹಿಡಿದುಕೊಂಡು, ಯಾರ ಕಡೆಗೂ ನೋಡದೆ ನಿಂತಿದ್ದ.

ಹೊಸ ಮನೆಯಲ್ಲಿ ನಾನು ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡಿದೆ. ಊಟಕ್ಕೆ ಬರ್ರಿ, ಗುಳಗಿ ತಗೊಳ್ರಿ, ಅಷ್ಟೇ. ನನ್ನ ಮನಸ್ಸೆಲ್ಲ ಮಗ್ಗದ ಮೇಲಿತ್ತು. ಕುಣಿ ತೋಡಿಸಿದೆ, ಕಂಬ ನಿಲ್ಲಿಸಿದೆ. ತಾಟಿನಲ್ಲಿ ನೀರು ತುಂಬಿ ನೆಲದ ಮೇಲಿಟ್ಟು ನೋಡಿದೆ. ನೀರು ಸುತ್ತಲೂ ಒಂದೇ ಮಟ್ಟಕ್ಕೆ ನಿಂತಿತು. ನೇಯ್ದ ಬಟ್ಟೆ ಸುತ್ತುವ ಮಗ್ಗದ ದಿಂಡಿನ ಮೇಲೆ ಮನೆ ಕಟ್ಟಿದ ಗವಂಡಿಯಿಂದ ಮಟ್ಟಗೋಲು ಇಡಿಸಿ ನೋಡಿದೆ. ಅದೂ ಸಮ. ಅತ್ತೆ ಮೂಲೆಯಲ್ಲಿ ನೂಲು ಸುತ್ತುತ್ತಾ ಎಲ್ಲವನ್ನೂ ನೋಡುತ್ತಿದ್ದಳು. ನೋಡಲಿ. ಇನ್ನು ಬರುವ ಸೀರೆಯೇ ಅವಳಿಗೆ ಉತ್ತರ ಹೇಳುತ್ತದೆ ಅಂದುಕೊಂಡೆ. ಹಾಗೆ ಮನಸ್ಸಿಟ್ಟು ನಾನು ನನ್ನ ಜನ್ಮದಲ್ಲಿ ನೇಯ್ದಿರಲಿಲ್ಲ.

ಸೀರೆ ಮುಗಿದ ದಿನ ಪಾರ್ಶ್ವನಾಥ ಸಾವಕಾರರು ಹೊಸ ಮನೆ ನೋಡಲೆಂದೇ ಬಂದರು. ಗೋಡೆ ತಟ್ಟಿದರು, ಛಲೋ ಐತಿ ಅಂದರು. ನಾನು ಸೀರೆಯನ್ನು ಅವರ ಕೈಯಲ್ಲೇ ಕೊಟ್ಟೆ. ಮೊದಲೇ ಮಡಚಿ ನೋಡಿರಲಿಲ್ಲ, ಅವರ ಮುಂದೆಯೇ ನೋಡಬೇಕು, ಅತ್ತೆಯ ಕಣ್ಣೆದುರೇ ಆಗಬೇಕು ಅಂತ. ಅವರು ದಡಿಗೆ ದಡಿ ಕೂಡಿಸಿದರು.

ಬಲದಡಿ ಬಿಗಿ. ಎಡದಡಿ ಸಡಿಲಾಗಿ ಸುಕ್ಕು ಸುಕ್ಕಾಗಿ ನಿಂತಿತ್ತು.

ನನಗೆ ಕೂಡಲೇ ತಿಳಿಯಿತು. ಹದಿನೈದು ವರ್ಷ ಅತ್ತೆ ಕಂಬಕ್ಕೆ ಚಕ್ಕೆ ಇಟ್ಟಿದ್ದಳು, ನಾನು ಕೂರುವ ಹಲಗೆಗೆ ಯಾರೂ ಇಟ್ಟಿರಲಿಲ್ಲ. ಇಳಿಯುವ ನೆಲದ ಮೇಲೆ ಕೂತು ಕೂತು ನನ್ನ ಸೊಂಟ ಎಡಕ್ಕೆ ತಿರುಗಿ ನಿಂತಿದೆ, ಕೈ ಬಲಕ್ಕೆ ಜೋರು ಹಾಕುವುದನ್ನು ಕಲಿತಿದೆ. ಈಗ ನೆಲ ಸಮ ಇದೆ. ಸೊಟ್ಟ ಇರುವುದು ನನ್ನ ಕೈ. ಖರೇನೇ ಸೊಟ್ಟ. ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕು ಅಂತ ತಿಳಿಯಲಿಲ್ಲ.

ಸಾವಕಾರರು ನಿಟ್ಟುಸಿರು ಬಿಟ್ಟರು. "ತಂಗಿ, ಈ ಸಲ ಎಡಕ್ಕ ಬಂದೈತಿ. ಆ ಓಣ್ಯಾಗ ನೆಲದ ತ್ರಾಸ ಇತ್ತು ಅಂತ ಈಗ ಎಲ್ಲಾರಿಗೂ ಗೊತ್ತಾತು. ಇಲ್ಲಿ ಹೊಸಾ ಮನಿ, ಗಟ್ಟಿ ನೆಲ. ಇನ್ನ ಏನ ಅನ್ನೂದು? ಕೈ..."

"ಕೈ ಅನಬ್ಯಾಡ್ರಿ!"

ಅತ್ತೆ ಮೂಲೆಯಿಂದ ಎದ್ದಿದ್ದಳು. ಆ ಮೊಣಕಾಲಿನಲ್ಲಿ, ಗೋಡೆ ಹಿಡಿದು, ಎದ್ದು ನಿಂತಿದ್ದಳು. "ನನ್ನ ಸೊಸಿ ಕೈ ನೆಟ್ಟಗ ಐತ್ರಿ ಸಾವಕಾರ್ರ. ಆಕೀ ಕೈ ನೋಡಿದಾಕಿ ನಾ. ನೆಲ ಸೊಟ್ಟ ಐತಿ."

"ಈ ನೆಲಾನೂ?" ಸಾವಕಾರರು ಕಾಲ ಕೆಳಗೆ ನೋಡಿಕೊಂಡರು.

"ಈ ನೆಲಾನೂ. ಸರಕಾರದ ಕೆಲಸರಿ, ಕಟ್ಟಿದವರು ಬರೋಬ್ಬರಿ ಕಟ್ಟಿಲ್ಲ. ನಿಮಗ ಕಾಣೂದಿಲ್ಲ, ನೇಯಾವರಿಗೆ ಗೊತ್ತಾಗತೈತಿ."

"ಅತ್ತಿ, ನೆಲ..." ಅಂತ ನಾನು ಬಾಯಿ ತೆರೆದೆ.

"ನೀ ಸುಮ್ನ ನಿಂದರಬೇ" ಅಂತ ಗದರಿದಳು.

ಸಾವಕಾರರು ಇಬ್ಬರನ್ನೂ ನೋಡಿದರು. ಸೀರೆಯನ್ನು ಪಕ್ಕಕ್ಕೆ ಇಡಲಿಲ್ಲ, ಮಡಚಿ ಚೀಲಕ್ಕೆ ಹಾಕಿಕೊಂಡರು. "ಇರ್ಲಿ, ಸರಿ ಮಾಡಿಕೊಳ್ರಿ" ಅಂತ ಹೇಳಿ ಹೊರಟರು. ಅವರ ಸ್ಕೂಟರಿನ ಸದ್ದು ರಸ್ತೆಗೆ ಸೇರುವ ತನಕ ನಾವಿಬ್ಬರೂ ನಿಂತೇ ಇದ್ದೆವು.

"ನೆಲ ಸಮ ಐತ್ರಿ" ಅಂದೆ.

"ನನಗ ಕಣ್ಣಿಲ್ಲೇನು? ತಾಟಿನ್ಯಾಗ ನೀರಿಟ್ಟಾಗ ನಾನೂ ನೋಡೇನಿ."

"ಮತ್ತ ಯಾಕ ಅಂದ್ರಿ ಹಂಗ?"

"ಅನ್ನೂ ಹೊತ್ತಿಗೆ ಅನಲಿಲ್ಲ" ಅಂದಳು ಅತ್ತೆ. ಕೂರಲು ಗೋಡೆ ಹಿಡಿದು ಬಗ್ಗಿದಳು, ಮೊಣಕಾಲು ಒಪ್ಪಲಿಲ್ಲ, ನನ್ನ ತೋಳನ್ನು ಹಿಡಿದುಕೊಂಡಳು. "ಈಗರ ಅನಬೇಕಲ್ಲ ಒಮ್ಮೆ. ಅಂದೆ, ಆತು."

ಹದಿನೈದು ವರ್ಷ ನಾನು ಕೇಳಲು ಕಾದ ಮಾತು. ಖರೆ ಇದ್ದಷ್ಟು ದಿನ ಅವಳ ಬಾಯಿಗೆ ಬರಲಿಲ್ಲ, ಸುಳ್ಳಾದ ದಿನ ತೇರದಾಳದ ಸಾವಕಾರರ ಮುಂದೆ ಎದ್ದು ನಿಂತು ಹೇಳಿದಳು. ಇಂಥ ಹೆಂಗಸಿನ ಮೇಲೆ ಸಿಟ್ಟನ್ನಾದರೂ ಹೇಗೆ ಮಾಡಿಕೊಳ್ಳುವುದು? ನನಗೆ ಅಳು ಬಂತು, ಬಂದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಅವಳ ಕೈ ಬಿಡಿಸಿಕೊಳ್ಳಬೇಕು ಅಂದುಕೊಂಡೆ. ಬಿಟ್ಟರೆ ಬೀಳುತ್ತಾಳೆ. ಹಿಡಿದುಕೊಂಡೇ ಕೂರಿಸಿದೆ.